ದೊಡ್ಡ ಸೇರು, ಸಣ್ಣ ಸೇರು

ಮೂಡುಬಿದಿರೆಯ ಶಿಕ್ಷಕರ ತರಬೇತಿ ಎಂದರೆ ನನಗೆ ಈಗಲೂ ನೆನಪಾಗುವುದು ಥರ್ಮೋಕೋಲ್ ಮತ್ತು ಗೋಂದು. ಸಮಾಜ ವಿಜ್ಞಾನ ಕಲಿಸುವವರನ್ನೆಲ್ಲ ಒಂದು ಹಾಲಿನಲ್ಲಿ ಕೂರಿಸಿ, ಬೋಧನೋಪಕರಣ ತಯಾರಿಸಿ ಎಂದು ಕತ್ತರಿ ಕೊಡುತ್ತಿದ್ದರು. ಪ್ರತಿ ಸಲವೂ ಯಾರಾದರೊಬ್ಬರು ತಾಜಮಹಲ್ ಮಾಡಿಯೇ ತೀರುತ್ತಿದ್ದರು. ನಾನು ಒಮ್ಮೆ ಕೆಂಪುಕೋಟೆ ಮಾಡಿದ್ದೆ. ಅದನ್ನು ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲಿಟ್ಟುಕೊಂಡು ನಮ್ಮ ಶಾಲೆಯಿದ್ದ ಗುರುವಾಯನಕೆರೆಗೆ ಬರುವಾಗ ವೇಣೂರಿನಲ್ಲಿ ಹತ್ತಿದ ಒಬ್ಬ ಹೆಂಗಸು, ಬಸ್ಸಿಗೆ ಕಾದು ನಿಂತು ಸುಸ್ತಾಗಿದ್ದವಳು, ಸರಿಯಾಗಿ ನೋಡದೆ ಸೀಟು ಖಾಲಿಯಿದೆ ಎಂದುಕೊಂಡು ಧೊಪ್ಪೆಂದು ಕೂತುಬಿಟ್ಟಳು. ಕೋಟೆ ಅಪ್ಪಚ್ಚಿಯಾಯಿತು. ಆಕೆ ಪಾಪ, ಬಸ್ಸು ಇಳಿಯುವವರೆಗೂ ತಪ್ಪಾಯಿತು ತಪ್ಪಾಯಿತು ಎನ್ನುತ್ತಿದ್ದಳು. ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ನಮ್ಮ ಮಕ್ಕಳಿಗೆ ಆ ಕೋಟೆಯಿಂದ ಏನಾಗಬೇಕಿತ್ತು?

ನನ್ನ ಸಿಟ್ಟು ಇದ್ದದ್ದು ಇಲ್ಲಿಯೇ. ಹತ್ತನೆಯ ತರಗತಿಯ ಮಕ್ಕಳಿಗೆ ಅನ್ಯಾಯ, ಸಮಾನತೆ, ಹಕ್ಕು ಎಂಬ ಪಾಠಗಳನ್ನು ನಾವು ದೂರದ ಊರಿನ ಚಿತ್ರ ತೋರಿಸಿ ಕಲಿಸುತ್ತಿದ್ದೆವು. ಆ ವಯಸ್ಸಿನ ಮಕ್ಕಳಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಯಾರ ಮನೆಯ ಅಂಗಳದವರೆಗೆ ಯಾರು ಹೋಗಬಹುದು, ಯಾರ ಚಾವಡಿಯಲ್ಲಿ ಯಾರಿಗೆ ಕುರ್ಚಿ, ಯಾರಿಗೆ ಮೆಟ್ಟಿಲು, ಎಲ್ಲ ಬಾಯಿಪಾಠ. ಪುಸ್ತಕದಲ್ಲಿ ಮಾತ್ರ ಭೂ ಸುಧಾರಣೆಗೆ ನಾಲ್ಕೈದು ಸಾಲು. ಗೇಣಿದಾರರಿಗೆ ಭೂಮಿ ಸಿಕ್ಕಿತು, ಅಲ್ಲಿಗೆ ಪಾಠ ಮುಗಿಯಿತು. ಆ ಭೂಮಿ ಕೊಟ್ಟವರ ಮೊಮ್ಮಕ್ಕಳೂ ಪಡೆದವರ ಮೊಮ್ಮಕ್ಕಳೂ ನನ್ನೆದುರು ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತು ಆ ಸಾಲುಗಳಿಗೆ ಗೆರೆ ಎಳೆಯುತ್ತಿದ್ದರು.

ಅದಕ್ಕೇ ಒಂದು ವರ್ಷ, ಎರಡು ಸಾವಿರದ ಏಳು ಎಂಟರ ಹೊತ್ತು ಅದು, ಜಗಲಿಯಲ್ಲಿ ಬಿದ್ದಿದ್ದ ಬಾಗಿಲಿಲ್ಲದ ಕಪಾಟನ್ನು ತೊಳೆಸಿ, ಅದಕ್ಕೆ ಇತಿಹಾಸದ ಕಪಾಟು ಎಂದು ಹೆಸರಿಟ್ಟೆ. ನಿಮ್ಮ ಮನೆಯಲ್ಲಿರುವ ಹಳೆಯ ಸಾಮಾನು ಏನಾದರೂ ತನ್ನಿ, ಅದರ ಕಥೆ ಮನೆಯವರಿಂದ ಕೇಳಿಕೊಂಡು ಬನ್ನಿ ಎಂದೆ. ಮೊದಲ ವಸ್ತು ನನ್ನದೇ. ನಾನು ಬಂಟ್ವಾಳ ಪೇಟೆಯವಳು. ಅಪ್ಪನದು ಅಲ್ಲಿ ದಿನಸಿ ಅಂಗಡಿ. ನೇತ್ರಾವತಿ ಪೇಟೆಯೊಳಗೆ ನುಗ್ಗಿದಾಗಲೆಲ್ಲ ಅಪ್ಪ ಅಂಗಡಿಯ ಬಾಗಿಲ ಹಲಗೆಯ ಮೇಲೆ ನೀರು ನಿಂತ ಮಟ್ಟಕ್ಕೆ ಒಂದು ಗೀಟು ಹಾಕುತ್ತಿದ್ದರು. ಆ ಹಲಗೆಯನ್ನು ಬಸ್ಸಿನ ಟಾಪಿಗೆ ಹಾಕಿಸಿ ತಂದೆ. ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಟೀಚರಿಗೆ ಮನೆ ಕಟ್ಟುವ ಅಂದಾಜು ಉಂಟಾ?" ಎಂದು ಕೇಳಿದ.

ಮಕ್ಕಳು ತರತೊಡಗಿದರು. ಬೀಡಿ ಕಟ್ಟುವವರು ಮಡಿಲಲ್ಲಿ ಇಟ್ಟುಕೊಳ್ಳುವ ಮೊರದಂಥ ಸೂಪು ಬಂತು, ತೂತು ಬಿದ್ದ ತಾಮ್ರದ ಹಂಡೆ ಬಂತು. ಒಬ್ಬ ಹುಡುಗ ತನ್ನ ಅಜ್ಜನ ಹಲ್ಲುಸೆಟ್ಟು ತಂದ, ಅದನ್ನು ವಾಪಸು ಕಳಿಸಿದೆ, ಅಜ್ಜನಿಗೆ ಇನ್ನೂ ಬೇಕಿತ್ತು. ಮೊದಲ ಬೆಂಚಿನ, ಬ್ಯಾರಿ ಮುಸ್ಲಿಮರ ಮನೆಯ ಹುಡುಗಿಯೊಬ್ಬಳು ಒಂದು ಕ್ಯಾಸೆಟ್ ತಂದಳು. ಫೋನು ಇಲ್ಲದ ಕಾಲದಲ್ಲಿ ಅವಳ ಅಪ್ಪ ಗಲ್ಫಿನಿಂದ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದರಂತೆ. ಅವಳು ಮೊದಲು ಅಪ್ಪನನ್ನು ಗುರುತು ಹಿಡಿದದ್ದು ಮುಖದಿಂದಲ್ಲ, ಆ ಸ್ವರದಿಂದ. ಅವಳು ಅದನ್ನು ಹೇಳಿದ ದಿನ ನಾನು ಪಾಠ ಮುಂದುವರಿಸಲಿಲ್ಲ.

ಅವಳ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ ವೇಣೂರಿನ ಜೈನರ ಮನೆಯ ಹುಡುಗಿ. ಮಾತು ಕಡಿಮೆ, ಓದಿನಲ್ಲಿ ಮುಂದು. ಅವಳು ಬಿಳಿ ಪಂಚೆಯಲ್ಲಿ ಸುತ್ತಿ ತಂದದ್ದು ಒಂದು ಸೇರು, ಅಕ್ಕಿ ಅಳೆಯುವ ಸೇರು. ಹಲಸಿನ ಮರದ್ದು, ಬಾಯಿಗೂ ತಳಕ್ಕೂ ಹಿತ್ತಾಳೆಯ ಪಟ್ಟಿ. ಅಜ್ಜಿ ಹುಣಸೆಹುಳಿ ಹಾಕಿ ತಿಕ್ಕಿ ಕಳಿಸಿದ್ದರು. ಪಟ್ಟಿ ಹೊಳೆಯುತ್ತಿತ್ತು. "ನಮ್ಮ ಹಳೆಯ ಮನೆಯ ಚಾವಡಿಯಲ್ಲಿ ಇದ್ದದ್ದು. ಮನೆ ಈಗ ಇಲ್ಲ, ಇದೊಂದು ಉಂಟು," ಎಂದು ಹೇಳಿ ಕೂತಳು. ಕಪಾಟಿನ ನಡುವಿನ ಖಾನೆಯಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ, ನಾನೇ ಅದನ್ನು ಇಟ್ಟೆ.

ಆ ಹೊತ್ತಿಗೆ ಬಿಸಿಯೂಟ ನಮ್ಮ ಹೈಸ್ಕೂಲಿಗೂ ಬಂದಿತ್ತು. ಅಡುಗೆ ಮಾಡುತ್ತಿದ್ದವರು ಹತ್ತಿರದ ಊರಿನ ಒಬ್ಬ ನಡುವಯಸ್ಸಿನ ಹೆಂಗಸು. ಎಲ್ಲರಿಗೂ ಅವರು ಅಕ್ಕ. ಸರ್ಕಾರದ ಲೆಕ್ಕ ಗ್ರಾಮಿನಲ್ಲಿ, ಅಕ್ಕನ ಲೆಕ್ಕ ಸೇರಿನಲ್ಲಿ. ಒಂದು ದಿನ ಅವರ ಟಿನ್ನಿನ ಸೇರಿನ ತಳ ಕಳಚಿಕೊಂಡಿತು. ಅಡುಗೆಕೋಣೆಯ ಎದುರಿನ ಜಗಲಿಯಲ್ಲೇ ನನ್ನ ಕಪಾಟು. ಅದರಲ್ಲಿ ಚೆಂದದ ಸೇರೊಂದು ಕೆಲಸವಿಲ್ಲದೆ ಕೂತಿದೆ. ಅಕ್ಕ ಅದನ್ನು ತೆಗೆದು, ತೊಳೆದು, ಎಂದಿನ ಹಾಗೆ ಮೊದಲ ಸೇರಿಗೆ ಒಂದು ಎನ್ನದೆ "ಲಾಭ" ಎಂದು, ಎರಡು ಮೂರು ಎಂದು ಎಣಿಸುತ್ತಾ ಎಂದಿನಷ್ಟೇ ಸೇರು ಅಕ್ಕಿ ಹಾಕಿದರು.

ಹನ್ನೆರಡು ಗಂಟೆಗೆ ಅಡುಗೆಕೋಣೆಯಿಂದ ಕೂಗು ಕೇಳಿ ನಾವೆಲ್ಲ ಓಡಿದೆವು. ಹಂಡೆಯ ಮುಚ್ಚಳ ಮೇಲೆದ್ದಿತ್ತು. ಅನ್ನ ಉಕ್ಕಿ ಅಂಚಿನಿಂದ ಇಳಿದು ಒಲೆಗೆ ಬೀಳುತ್ತಿತ್ತು. ಅಕ್ಕ ಸೌಟಿನಲ್ಲಿ ತೆಗೆತೆಗೆದು ಬಕೇಟಿಗೆ ಹಾಕುತ್ತಿದ್ದರು, ಬಕೇಟು ತುಂಬಿ ಪರಾತ ತುಂಬಿತು. ಮಕ್ಕಳಿಗೆ ಹಬ್ಬ. ಎಲ್ಲರೂ ಹೊಟ್ಟೆ ಬಿರಿಯುವಷ್ಟು ಉಂಡರು, ಆದರೂ ಉಳಿಯಿತು. ಹೆಡ್ ಮಾಷ್ಟ್ರು ನನ್ನ ಕಡೆ ತಿರುಗಿ, "ನಿಮ್ಮ ಇತಿಹಾಸ ಬೆಂದಿತು ಟೀಚರ್," ಎಂದರು. ನಾವೆಲ್ಲ ನಕ್ಕೆವು. ವೇಣೂರಿನ ಹುಡುಗಿ ಎಲ್ಲರಿಗಿಂತ ಹೆಚ್ಚು ನಕ್ಕಳು, ತನ್ನ ಮನೆಯ ಸೇರು ಊಟ ಹಾಕಿತೆಂಬ ಖುಷಿ ಅವಳಿಗೆ.

ಅಕ್ಕ ಮಾತ್ರ ನಗಲಿಲ್ಲ. ಸೇರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ನಾನೇನು ಹುಚ್ಚಿಯಾ ಟೀಚರೇ? ಎಷ್ಟು ಸೇರು ಹಾಕುವುದು ಅಂತ ನನಗೆ ಗೊತ್ತಿಲ್ವಾ? ಇದು ಸರಿಯಾದ ಸೇರು ಅಲ್ಲ. ಇದು ಗೇಣಿಯ ಸೇರು."

"ಹಾಗೆಂದರೆ?"

"ನನ್ನ ಅಪ್ಪ ಹೇಳ್ತಿದ್ರು. ಧಣಿಗಳ ಮನೆಯಲ್ಲಿ ಎರಡು ಸೇರು ಉಂಟು, ಗೇಣಿ ಅಳೆದು ತೆಗೆದುಕೊಳ್ಳುವಾಗ ದೊಡ್ಡದು, ಕೂಲಿಯ ಅಕ್ಕಿ ಕೊಡುವಾಗ ಸಣ್ಣದು ಅಂತ. ಅಪ್ಪ ಕುಡಿದು ಹೇಳುವುದು ಅಂತ ನಾನು ಎಣಿಸಿದ್ದೆ ಮಾರಾಯ್ರೆ. ಇದು ಯಾರ ಮನೆಯದ್ದು?"

ಎಲ್ಲರೂ ವೇಣೂರಿನ ಹುಡುಗಿಯ ಕಡೆ ನೋಡಿದರು. ಹಿಂದಿನ ಬೆಂಚಿನ ಹುಡುಗನೊಬ್ಬ "ಕಳ್ಳ ಸೇರು!" ಎಂದು ಕೂಗಿದ. ಮಕ್ಕಳು ಗೊಳ್ಳೆಂದರು. ಆ ನಗುವಿನಲ್ಲಿ ಅವಳ ಪಕ್ಕದ ಗೆಳತಿಯೂ ಸೇರಿದ್ದಳು. ನಾನು ಗದರಿಸಿದೆ. ಗದರಿಕೆಗೆ ನಗು ನಿಲ್ಲುತ್ತದೆ, ಆದ ನೋವು ಹೋಗುವುದಿಲ್ಲ. ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಅವಳು ಪುಸ್ತಕದ ಮೇಲೆ ತಲೆ ಬಗ್ಗಿಸಿ ಕೂತಳು, ಮಾರನೆಯ ದಿನ ಬರಲಿಲ್ಲ.

ಒಂದು ದಿನ ಜ್ವರ ಎಂದುಕೊಂಡೆ. ವಾರ ಕಳೆಯಿತು. ಹತ್ತನೆಯ ತರಗತಿ, ಪಬ್ಲಿಕ್ ಪರೀಕ್ಷೆ ಬೇರೆ ಹತ್ತಿರ. ಅವಳು ಶಾಲೆ ಬಿಡುತ್ತಾಳಂತೆ, ಮನೆಯಲ್ಲೇ ಓದಿ ಖಾಸಗಿಯಾಗಿ ಪರೀಕ್ಷೆ ಕಟ್ಟುತ್ತಾಳಂತೆ ಎಂದು ಮಕ್ಕಳು ಪಿಸುಗುಡತೊಡಗಿದರು. ನಡೆದದ್ದನ್ನೆಲ್ಲ ಹೆಡ್ ಮಾಷ್ಟ್ರಿಗೆ ಹೇಳಿದೆ. ಅವರು ಒಳ್ಳೆಯವರು, ಆದರೆ ಗಲಾಟೆ ಎಂದರೆ ಮಾರು ದೂರ. "ಸೇರನ್ನು ಕಟ್ಟಿ ಕಳಿಸಿಬಿಡಿ. ಕಪಾಟನ್ನು ಲೈಬ್ರರಿಗೆ ಕೊಡುವ. ಎಲ್ಲ ತಣ್ಣಗಾಗ್ತದೆ," ಎಂದರು. ನನಗೆ ಮೈಯೆಲ್ಲ ಉರಿಯಿತು. ತಣ್ಣಗಾಗುವುದಕ್ಕೆ ಇದೇನು ಕಾಫಿಯಾ ಎಂದುಬಿಟ್ಟೆ. ಆಮೇಲೆ ಸಾರಿ ಕೇಳಿದೆ, ಅವರು ನನ್ನ ಸಾರಿಯನ್ನೂ ಗಲಾಟೆ ಇಲ್ಲದೆ ಸ್ವೀಕರಿಸಿದರು.

ಆ ಸಂಜೆ ಶಾಲೆ ಬಿಟ್ಟ ಮೇಲೆ ವೇಣೂರಿನ ಬಸ್ಸು ಹತ್ತಿದೆ. ಹಿಂದಿನಿಂದ ಗೆಳತಿಯೂ ಹತ್ತಿದಳು, ಆ ಕ್ಯಾಸೆಟ್ಟಿನ ಹುಡುಗಿ. "ನಿನ್ನ ಮನೆ ಈ ಕಡೆ ಅಲ್ವಲ್ಲ?" ಎಂದರೆ, "ನಾನೂ ನಗಾಡಿದ್ದೆ ಟೀಚರ್," ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡತೊಡಗಿದಳು. ದಾರಿಯುದ್ದಕ್ಕೂ ಬ್ಯಾಗಿನ ಜಿಪ್ಪನ್ನು ಎಳೆಯುವುದು, ಹಾಕುವುದು. ನನಗೆ ಅವಳನ್ನು ಕಂಡು ಪಾಪ ಎನಿಸಿತು. ಮನೆಯಲ್ಲಿ ಹೇಳಿ ಬಂದಿದ್ದೀಯಾ ಎಂದು ವೇಣೂರಿನಲ್ಲಿ ಇಳಿದ ಕೂಡಲೇ ಕೇಳಿ, ಎಸ್‌ಟಿಡಿ ಬೂತಿನಿಂದ ಅವಳ ತಾಯಿಗೆ ಫೋನು ಮಾಡಿಸಿದೆ.

ಹುಡುಗಿಯ ಮನೆಯವರದು ಈಗ ರಸ್ತೆ ಬದಿಯಲ್ಲಿ ಒಂದು ಫ್ಯಾನ್ಸಿ ಅಂಗಡಿ, ಬಳೆ, ರಿಬ್ಬನ್ನು, ನೋಟ್‌ಬುಕ್ಕು. ಅಂಗಡಿಯ ಹಿಂದೆಯೇ ಮನೆ. ಅವರಲ್ಲಿ ಅಳಿಯಕಟ್ಟು, ಮನೆ ನಡೆದು ಬಂದದ್ದು ಹೆಂಗಸರ ಕಡೆಯಿಂದ. ಹಾಗಾಗಿ ಅಜ್ಜಿ ಎಂದರೆ ತಾಯಿಯ ತಾಯಿ, ಆ ಹಳೆಯ ಮನೆಯಲ್ಲೇ ಹುಟ್ಟಿ ಬೆಳೆದವರು. ಬೆಳ್ಳಗಿನ ಸಣ್ಣ ಹೆಂಗಸು. ಅಂಗಡಿಯಲ್ಲಿದ್ದ ತಾಯಿ ನಮ್ಮನ್ನು ಒಳಗೆ ಕಳಿಸಿದರು, ಮುಖ ಬಿಗಿದಿತ್ತು. ಅಜ್ಜಿ ಮಾತ್ರ, "ಬಲೆ ಟೀಚರ್, ಬನ್ನಿ, ಕೂತುಕೊಳ್ಳಿ. ಸ್ವಲ್ಪ ಹೊತ್ತು. ಹೊತ್ತು ಮುಳುಗುವ ಮೊದಲು ನಮ್ಮ ಊಟ ಆಗಬೇಕು, ಅನ್ನಕ್ಕೆ ಇಡ್ತೇನೆ," ಎಂದು ಅಡುಗೆಮನೆಗೆ ಹೋದರು.

ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಬಾ ಮಗಾ ಎಂದೆ. ಬರಲಿಲ್ಲ. ಗೆಳತಿಯ ಕಡೆ ನೋಡಲೂ ಇಲ್ಲ.

"ಸೇರು ವಾಪಸು ತಂದಿದ್ದೀರಾ ಟೀಚರ್?"

"ಇಲ್ಲ. ನಿನ್ನನ್ನು ಕರೆಯಲಿಕ್ಕೆ ಬಂದದ್ದು."

"ನಾನು ಬರುವುದಿಲ್ಲ. ನಮ್ಮ ಗದ್ದೆ ಹೋದದ್ದನ್ನು ಪುಸ್ತಕದಲ್ಲಿ ಸುಧಾರಣೆ ಅಂತ ಬರೆದಿದ್ದಾರೆ. ನಾನು ಅದಕ್ಕೆ ಗೆರೆ ಎಳೆದು ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದು ಮಾರ್ಕು ತೆಗೆದಿದ್ದೇನೆ. ನಮ್ಮ ಮನೆಯಲ್ಲಿ ಅಜ್ಜಿಯ ಅಣ್ಣ ಅದೇ ಚಿಂತೆಯಲ್ಲಿ ಹಾಸಿಗೆ ಹಿಡಿದು ಸತ್ತರು. ಅದನ್ನು ಯಾರು ಬರೀತಾರೆ? ಈಗ ನಾವು ಕಳ್ಳರು ಕೂಡಾ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಕ್ಕ ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಅವಳನ್ನು ಅಪ್ಪಿಕೊಳ್ಳಬೇಕು ಎನಿಸಿತು, ಆದರೆ ಟೀಚರುಗಳು ಹಾಗೆಲ್ಲ ಮಾಡುವ ರೂಢಿ ನಮ್ಮಲ್ಲಿ ಇರಲಿಲ್ಲ.

ಅಷ್ಟರಲ್ಲಿ ಅಜ್ಜಿ ಅಕ್ಕಿ ತೆಗೆಯಲು ನಾವಿದ್ದ ಕೋಣೆಗೇ ಬಂದರು. ಮೂಲೆಯಲ್ಲಿ ಅಕ್ಕಿಯ ಡಬ್ಬ. ಮುಚ್ಚಳ ತೆಗೆದು ಒಳಗೆ ಕೈ ಹಾಕಿ ಒಂದು ಸೇರು ಎತ್ತಿದರು. ನಾನು ಕೂತಲ್ಲಿಂದ ಎದ್ದೆ. ಅದೇ ಹಲಸಿನ ಮರ, ಅದೇ ಹಿತ್ತಾಳೆಯ ಪಟ್ಟಿ, ಆದರೆ ಹೊಳಪು ಇರಲಿಲ್ಲ, ಕೈ ತಾಗಿ ತಾಗಿ ಕಪ್ಪಾಗಿತ್ತು. ಎತ್ತರ ಕಡಿಮೆ. ಶಾಲೆಯಲ್ಲಿದ್ದದ್ದರ ತಂಗಿಯ ಹಾಗಿತ್ತು.

"ಅಮ್ಮ, ಇದು..." ಎಂದೆ.

"ಹೌದು ಟೀಚರ್. ಜೊತೆಯದ್ದು."

"ಮತ್ತೆ ಇದನ್ನು ಯಾಕೆ ಕಳಿಸಲಿಲ್ಲ?"

ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿದರು. "ನೀವು ಹಳೆ ಸಾಮಾನು ಕೇಳಿದ್ದಲ್ವಾ? ಇದು ಹಳೆಯದು ಹೇಗೆ ಆಗ್ತದೆ? ದಿನಾ ಬೇಕಾಗುವಂಥದ್ದು."

ಹುಡುಗಿಗೂ ಇದು ಹೊಸ ಸಂಗತಿ. ದಿನವೂ ನೋಡುತ್ತಿದ್ದ ಸೇರನ್ನು ಅವಳು ಮೊದಲ ಸಲ ನೋಡುವವಳಂತೆ ನೋಡುತ್ತಿದ್ದಳು. "ಹಾಗಾದರೆ ಅವರು ಹೇಳಿದ್ದು ನಿಜವಾ ಅಜ್ಜಿ? ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಉಂಟಾ? ನಿನಗಿಂತ ಸಣ್ಣವಳಿರುವಾಗಲೇ ನಾನು ಸೋದರಮಾವನ ಹತ್ತಿರ ಕೇಳಿದ್ದೆ, ಎರಡು ಸೇರು ಯಾಕೆ ಅಂತ. ಒಂದು ಒಳಗೆ ಬರುವುದಕ್ಕೆ, ಒಂದು ಹೊರಗೆ ಹೋಗುವುದಕ್ಕೆ ಅಂದರು. ಮತ್ತೆ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ, ಕೇಳಬೇಕು ಅಂತ ಕಂಡದ್ದೂ ಇಲ್ಲ. ಉಣ್ಣುವವರಿಗೆ ಅದೆಲ್ಲ ಯಾಕೆ?"

ಅವರು ನೆಲದ ಮೇಲೆ ಕಾಲು ಚಾಚಿ ಕೂತರು, ಸೇರು ಮಡಿಲಲ್ಲಿತ್ತು. "ಗದ್ದೆ ಹೋದ ಮೇಲೆ ನಾವೂ ಅಕ್ಕಿ ಕ್ರಯಕ್ಕೆ ತರುವ ಹಾಗಾಯ್ತು. ಆವಾಗ ದೊಡ್ಡದನ್ನು ಅಟ್ಟಕ್ಕೆ ಹಾಕಿದೆ. ಮನೆ ಖರ್ಚಿಗೆ ಇದು ಸಾಕು ಅಂತ ಲೆಕ್ಕ. ಸಾಕಾಗುವುದಿಲ್ಲ ಟೀಚರ್. ಇಷ್ಟು ವರ್ಷ ಆಯ್ತು, ಅಳೆದ ಮೇಲೆ ಇನ್ನೂ ಒಂದು ಮುಷ್ಟಿ ಹಾಕುವ ಅಂತ ಕೈ ತನ್ನಷ್ಟಕ್ಕೆ ಹೋಗ್ತದೆ. ಗದ್ದೆಯಲ್ಲಿ ದುಡಿದವರು ಇದರಲ್ಲೇ ಮಕ್ಕಳಿಗೆ ಹಾಕಿದ್ದಲ್ವಾ."

ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಅಣ್ಣ ಕೊರಗಿ ಸತ್ತದ್ದೂ ಹೌದು. ಸೇರು ದೊಡ್ಡದಿದ್ದದ್ದೂ ಹೌದು. ನೀನು ಅಣ್ಣನದ್ದು ಮಾತ್ರ ಹೇಳಿದರೆ ಅವರು ಸೇರಿನದ್ದು ಮಾತ್ರ ಹೇಳ್ತಾರೆ," ಎಂದರು. ನನ್ನ ಕಡೆ ನೋಡಿ ಕಣ್ಣು ಕಿರಿದು ಮಾಡಿ, "ಟೀಚರ್ ಬಂಟ್ವಾಳ ಪೇಟೆಯವರು ಅಂತ ಇವಳು ಹೇಳಿದ್ದಳು. ಅಪ್ಪನ ಅಂಗಡಿಯ ತಕ್ಕಡಿ ಯಾವತ್ತಾದರೂ ಪರೀಕ್ಷೆ ಮಾಡಿದ್ದೀರಾ?" ಎಂದು ಕೇಳಿದರು.

ನನಗೆ ಚುರುಕ್ಕೆಂದಿತು. ಅಪ್ಪನ ಬಗ್ಗೆ ಯಾರಾದರೂ ಮಾತೆತ್ತಿದರೆ ಸುಮ್ಮನಿರುವವಳಲ್ಲ ನಾನು. ಬಾಯಿ ತೆರೆದೆ. ಆದರೆ ಹುಡುಗಿಯೂ ಹೀಗೇ ಉರಿದಿರಬೇಕಲ್ಲ, ಅಷ್ಟು ಮಕ್ಕಳ ಎದುರು, ಎಂದು ಹೊಳೆದು ಬಾಯಿ ಮುಚ್ಚಿದೆ. ಅಜ್ಜಿ ನಕ್ಕುಬಿಟ್ಟರು. ನನಗೂ ನಗು ಬಂತು. ಹುಡುಗಿ ನಗಲಿಲ್ಲ. ಆದರೆ ಬಾಗಿಲು ಬಿಟ್ಟು ಬಂದು ಅಜ್ಜಿಯ ಪಕ್ಕ ಕೂತಳು. ಗೆಳತಿ ಇಷ್ಟು ಹೊತ್ತು ಕೂತಲ್ಲೇ ಬೆವರುತ್ತಿದ್ದವಳು, ಬ್ಯಾಗಿನಿಂದ ಆ ವಾರದ ನೋಟ್ಸು ಬರೆದಿದ್ದ ಹಾಳೆಗಳನ್ನು ತೆಗೆದು ಅವಳ ಮುಂದಿಟ್ಟಳು. ಹೊರಡುವಾಗ ಅಜ್ಜಿ ನಮಗಿಬ್ಬರಿಗೂ ಬೆಲ್ಲ ನೀರು ಕೊಟ್ಟರು, ಗೆಳತಿಯ ಲೋಟ ನನ್ನದರಷ್ಟೇ ಹೊಳೆಯುತ್ತಿತ್ತು. ನಾನು ಅದನ್ನೂ ಗಮನಿಸಿದೆ, ಗಮನಿಸುವುದು ನನ್ನ ಚಾಳಿ.

ಶನಿವಾರ ಬೆಳಿಗ್ಗೆ ಅವಳು ಬಂದಳು. ಬ್ಯಾಗಿನಲ್ಲಿ ಸಣ್ಣ ಸೇರು. "ಸಂಜೆ ಊಟಕ್ಕೆ ಮೊದಲು ವಾಪಸು ಬೇಕಂತೆ. ಕಪಾಟಿನಲ್ಲಿ ಇಡಲಿಕ್ಕೆ ಆಗುವುದಿಲ್ಲ," ಎಂದಳು. ಬೇಡ, ಒಂದು ಪೀರಿಯಡ್ಡಿಗೆ ಸಾಕು ಎಂದೆ. ನಾನು ವಿವರಿಸಲೇ ಎಂದು ಕೇಳಿದ್ದಕ್ಕೆ, "ನೀವು ಬೇಡ ಟೀಚರ್, ನಾನೇ ಮಾಡ್ತೇನೆ," ಎಂದಳು. ನನಗೆ ಹೆದರಿಕೆಯಾಗಿತ್ತು, ಮಕ್ಕಳು ಇನ್ನೊಮ್ಮೆ ನಕ್ಕರೆ ಇವಳನ್ನು ನಾವು ಪೂರ್ತಿ ಕಳೆದುಕೊಳ್ಳುತ್ತೇವೆ ಎಂದು.

ನೆಲಕ್ಕೆ ಚಾಪೆ ಹಾಸಿದೆವು. ಅಕ್ಕ ಬಿಸಿಯೂಟದ ಅಕ್ಕಿಯನ್ನು ಗೆರಸೆಯಲ್ಲಿ ತಂದಿಟ್ಟು ಬಾಗಿಲಲ್ಲೇ ನಿಂತರು. ಹೆಡ್ ಮಾಷ್ಟ್ರು ಕಿಟಕಿಯ ಹೊರಗೆ ಏನೋ ಕೆಲಸವಿರುವವರಂತೆ ಓಡಾಡುತ್ತಿದ್ದರು. ಹುಡುಗಿ ಎರಡು ಸೇರನ್ನೂ ಪಕ್ಕಪಕ್ಕ ಇಟ್ಟಳು. "ಇದು ನಮ್ಮ ಮನೆಯಲ್ಲಿ ಗೇಣಿ ತೆಗೆದುಕೊಳ್ಳುತ್ತಿದ್ದ ಸೇರು. ಇದು ಕೂಲಿ ಕೊಡುತ್ತಿದ್ದ ಸೇರು," ಎಂದಳು. ನಮ್ಮ ಮನೆ ಎನ್ನುವಾಗ ಸ್ವರ ಸ್ವಲ್ಪ ಇಳಿಯಿತು, ಆದರೆ ನಿಲ್ಲಲಿಲ್ಲ.

ದೊಡ್ಡ ಸೇರನ್ನು ಅಕ್ಕಿಯೊಳಗೆ ಇಳಿಸಿ ತುಂಬಿ, ಅಂಗೈಯಿಂದ ಬಾಯಿ ಸಮ ಮಾಡಿದಳು. ಅಭ್ಯಾಸಬಲದಿಂದ "ಲಾಭ" ಎಂದಳು. ಅದನ್ನು ನಿಧಾನವಾಗಿ ಸಣ್ಣ ಸೇರಿಗೆ ಸುರಿದಳು. ಸಣ್ಣದು ತುಂಬಿತು. ದೊಡ್ಡದರಲ್ಲಿ ಉಳಿದದ್ದನ್ನು ಚಾಪೆಯ ಒಂದು ಬದಿಗೆ ಬೋರಲು ಹಾಕಿದಳು. ಪುಟ್ಟದೊಂದು ರಾಶಿಯಾಯಿತು. ಗೆಳತಿ ಅತ್ತಿತ್ತ ಚೆದುರಿದ ಕಾಳುಗಳನ್ನು ಬೆರಳಿನಿಂದ ಸರಿಸಿ ಅದಕ್ಕೆ ಸೇರಿಸಿದಳು.

ಅಂದು ಕಳ್ಳ ಸೇರು ಎಂದು ಕೂಗಿದ್ದ ಹುಡುಗ ಹಿಂದಿನ ಬೆಂಚಿನಿಂದ ಎದ್ದು ಬಂದು ಬಗ್ಗಿ ನೋಡಿದ. ದೊಡ್ಡ ಮೋಸವನ್ನೇ ನೋಡುವ ಉತ್ಸಾಹದಲ್ಲಿ ಬಂದವನಿಗೆ ನಿರಾಸೆಯಾದಂತೆ ಕಂಡಿತು.

"ಇಷ್ಟೇಯಾ?" ಎಂದ.

ಅವಳು ತಲೆ ಎತ್ತಿ ಮೊದಲು ಅವನನ್ನು, ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ನೋಡಿದಳು.

"ಒಂದು ಸೇರಿಗೆ ಇಷ್ಟು," ಎಂದಳು.

ಮತ್ತೆ ದೊಡ್ಡ ಸೇರನ್ನು ಅಕ್ಕಿಯೊಳಗೆ ಇಳಿಸಿ ತುಂಬಿದಳು. ಅಂಗೈಯಿಂದ ಸಮ ಮಾಡಿ, "ಎರಡು" ಎಂದಳು.